ಕ್ರೆಡಿಟ್ ಕಾರ್ಡ್ ವಂಚನೆ ಕೇಸಲ್ಲಿ ಅರೆಸ್ಟ್ ಆದ್ರೆ, ಜಾಮೀನು ಸಿಗೋದು ಹೇಗೆ?

ಹಾಸನದ ಕಡೆಯ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. ಅವರ ತಮ್ಮ ಬೆಂಗಳೂರಿನ ಒಂದು ಸಣ್ಣ ಕಾಲ್ ಸೆಂಟರ್‌ನಲ್ಲಿ ಕೆಲಸಕ್ಕಿದ್ದ. ನಿಮ್ಮ ಕ್ರೆಡಿಟ್ ಕಾರ್ಡ್ ಲಿಮಿಟ್ ಜಾಸ್ತಿ ಮಾಡ್ತೀವಿ ಅಂತ ಫೋನ್ ಮಾಡೋದು, ಒಟಿಪಿ ಕೇಳೋದು, ಅದೇ ಕೆಲಸ. ಒಂದು ಸಂಜೆ ಪೊಲೀಸರು ಬಂದು ಆಫೀಸಿನಲ್ಲಿದ್ದ ಎಲ್ಲರನ್ನೂ ಕರ್ಕೊಂಡು ಹೋದ್ರು. "ಅಣ್ಣ, ಅವನು ಮನೆಗೆ ಯಾವಾಗ ಬರ್ತಾನೆ, ಅದೊಂದು ಹೇಳಿ" ಅಂತ ಕೇಳಿದ್ದಾರೆ.

ನಾನು ಬಿ.ಕಾಂ. ಓದಿದವನು, ವಕೀಲ ಅಲ್ಲ. ಹಾಗಾಗಿ ಕಾನೂನಿನಲ್ಲಿ ಏನಿದೆ, ಕೋರ್ಟುಗಳು ಏನು ಹೇಳಿವೆ ಅನ್ನೋದನ್ನ ಮಾತ್ರ ಹೇಳ್ತೀನಿ. ಆ ಹುಡುಗ ತಪ್ಪು ಮಾಡಿದ್ನಾ ಇಲ್ವಾ ಅನ್ನೋದು ಬೇರೆ ಪ್ರಶ್ನೆ. ಒಟಿಪಿ ಹೇಳಿ ದುಡ್ಡು ಕಳ್ಕೊಂಡವರ ಮನೆಯಲ್ಲೂ ನಿದ್ದೆ ಇರಲ್ಲ. ಜಾಮೀನು ಅಂದ್ರೆ ಖುಲಾಸೆ ಅಲ್ಲ. ಕೇಸ್ ನಡೀತಾನೇ ಇರುತ್ತೆ, ಆರೋಪಿ ಹೊರಗಿದ್ದುಕೊಂಡು ಕರೆದಾಗೆಲ್ಲ ಕೋರ್ಟಿಗೆ ಬರಬೇಕು, ಅಷ್ಟೇ.

ಮೊದಲು ಎಫ್‌ಐಆರ್ ಪ್ರತಿ ತಗೊಳ್ಳಿ. ಅದರಲ್ಲಿ ಯಾವ ಸೆಕ್ಷನ್ ಹಾಕಿದ್ದಾರೆ ಅನ್ನೋದರ ಮೇಲೆ ಮುಂದಿನದ್ದೆಲ್ಲ ನಿಂತಿದೆ. ಬೇರೆಯವರ ಪಾಸ್‌ವರ್ಡ್, ಗುರುತು ದುರ್ಬಳಕೆ ಮಾಡಿದ್ರೆ ಐಟಿ ಕಾಯ್ದೆಯ 66ಸಿ. ಬ್ಯಾಂಕಿನವರು ಅಂತ ಸುಳ್ಳು ಹೇಳಿ ಫೋನ್, ಕಂಪ್ಯೂಟರ್ ಮೂಲಕ ಮೋಸ ಮಾಡಿದ್ರೆ 66ಡಿ. ಎರಡಕ್ಕೂ ಗರಿಷ್ಠ 3 ವರ್ಷ ಜೈಲು. ಆಶ್ಚರ್ಯ ಅಂದ್ರೆ, ಅದೇ ಕಾಯ್ದೆಯ 77ಬಿ ಪ್ರಕಾರ ಇವು ಜಾಮೀನು ಸಿಗುವಂಥ ಅಪರಾಧಗಳು. ಇವೆರಡೇ ಇದ್ದರೆ ಜಾಮೀನು ಹಕ್ಕು, ಠಾಣೆಯಲ್ಲೇ ಬಿಡಬೇಕು.

ಆದರೆ ಇವೆರಡೇ ಇರೋದು ಅಪರೂಪ. ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 318(4) ಸೇರಿಸ್ತಾರೆ. ಸಿನಿಮಾದಲ್ಲಿ "ಫೋರ್ ಟ್ವೆಂಟಿ" ಅಂತ ಬೈತಾರಲ್ಲ, ಆ ಹಳೇ 420ಕ್ಕೆ 2024ರ ಜುಲೈ 1ರಿಂದ ಇದೇ ಹೊಸ ನಂಬರ್. ಗರಿಷ್ಠ 7 ವರ್ಷ, ಜಾಮೀನುರಹಿತ. ಜಾಮೀನುರಹಿತ ಅಂದ ತಕ್ಷಣ ಜಾಮೀನೇ ಇಲ್ಲ ಅಂದ್ಕೊಂಡು ಎಷ್ಟೋ ಮನೆಯವರು ಕೈಚೆಲ್ಲಿ ಕೂರ್ತಾರೆ. ಹಾಗಲ್ಲ. ಠಾಣೆಯಲ್ಲಿ ಸಿಗಲ್ಲ, ಕೋರ್ಟ್ ಕೊಡಬಹುದು ಅಂತ ಅರ್ಥ.

7 ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಕಣ್ಣುಮುಚ್ಚಿ ಅರೆಸ್ಟ್ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಅರೆಸ್ಟ್ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೀಬೇಕು. ಬೇಡ ಅನ್ನಿಸಿದ್ರೆ ನಾಗರಿಕ ಸುರಕ್ಷಾ ಸಂಹಿತೆಯ 35(3)ರಡಿ ಹಾಜರಾಗಿ ಅಂತ ನೋಟಿಸ್ ಕೊಡಬೇಕು. ನೋಟಿಸ್ ಕೊಡದೇ ಒಳಗೆ ಹಾಕಿದ್ದರೆ ವಕೀಲರು ಮೊದಲು ಎತ್ತಬೇಕಾದ ಪಾಯಿಂಟ್ ಇದು.

ಅರೆಸ್ಟ್ ಆದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಬಿಟ್ಟು. ಅಲ್ಲಿ ಪೊಲೀಸರು ಸಾಮಾನ್ಯವಾಗಿ ಕಸ್ಟಡಿ ಕೇಳ್ತಾರೆ: ಫೋನ್ ಅನ್‌ಲಾಕ್ ಆಗಬೇಕು, ದುಡ್ಡು ಯಾವ ಖಾತೆಗೆ ಹೋಯ್ತು ನೋಡಬೇಕು, ಇನ್ನೂ ಯಾರ್ಯಾರಿದ್ದಾರೆ ತಿಳೀಬೇಕು. ಜಾಮೀನು ಅರ್ಜಿ ಹಾಕಿದ್ರೆ ಸರ್ಕಾರಿ ವಕೀಲರು ತಕರಾರು ಸಲ್ಲಿಸ್ತಾರೆ. ಹೊರಗೆ ಬಂದ್ರೆ ಓಡಿಹೋಗ್ತಾನೆ, ಸಾಕ್ಷ್ಯ ಅಳಿಸ್ತಾನೆ, ಮತ್ತೆ ಅದನ್ನೇ ಮಾಡ್ತಾನೆ ಅಂತ.

ಕಾರ್ಡ್ ಕೇಸುಗಳಲ್ಲಿ ಇದಕ್ಕೆ ಒಳ್ಳೆಯ ಉತ್ತರ ಇರುತ್ತೆ. ಸಾಕ್ಷ್ಯ ಬಹುತೇಕ ಬ್ಯಾಂಕಿನ ದಾಖಲೆಯಲ್ಲಿ, ಮೊಬೈಲ್ ಕಂಪನಿಯ ದಾಖಲೆಯಲ್ಲಿ ಇದೆ. ಫೋನು, ಲ್ಯಾಪ್‌ಟಾಪು ಜಪ್ತಿಯಾಗಿವೆ. ಹೊರಗೆ ಬಂದವನು ಅಳಿಸೋಕೆ ಏನಿದೆ? ಹಳೇ ಕೇಸ್ ಇಲ್ಲ, ಊರಲ್ಲಿ ಸ್ವಂತ ಮನೆ ಇದೆ ಅನ್ನೋದೂ ತೂಕಕ್ಕೆ ಬರುತ್ತೆ. ಇನ್ನೊಂದು, ಕಾಮರ್ಸ್ ಓದಿದವನಿಗೆ ಥಟ್ಟನೆ ಕಾಣೋದು: ದುಡ್ಡು ಯಾರ ಖಾತೆ ಸೇರಿದೆ? ಸಂಬಳಕ್ಕೆ ಫೋನ್ ಮಾಡಿದವನ ಪಾತ್ರ ಬೇರೆ, ದುಡ್ಡು ಎಣಿಸಿಕೊಂಡವನ ಪಾತ್ರ ಬೇರೆ. ಬ್ಯಾಂಕ್ ಸ್ಟೇಟ್‌ಮೆಂಟ್ ಇಲ್ಲಿ ಭಾಷಣಕ್ಕಿಂತ ಚೆನ್ನಾಗಿ ಮಾತಾಡುತ್ತೆ. ಮ್ಯಾಜಿಸ್ಟ್ರೇಟ್ ಕೊಡದಿದ್ದರೆ ಸೆಷನ್ಸ್ ಕೋರ್ಟ್, ಅಲ್ಲೂ ಆಗದಿದ್ದರೆ ಹೈಕೋರ್ಟ್.

"ಹೋದ ದುಡ್ಡನ್ನ ಕಟ್ಟಿದ್ರೆ ಜಾಮೀನು ಆಗುತ್ತೆ" ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಮನೆಯವರು ಒಡವೆ ಅಡ ಇಡೋಕೆ ಓಡ್ತಾರೆ. 2023ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಒಂದು ವಂಚನೆ ಕೇಸಿನಲ್ಲಿ, ಜಾಮೀನು ಅರ್ಜಿ ಅನ್ನೋದು ಹಣ ವಸೂಲಿಯ ದಾರಿ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ವಕೀಲರ ಜೊತೆ ಮಾತಾಡದೆ ಆ ಹೆಜ್ಜೆ ಇಡಬೇಡಿ.

ಜಾಮೀನು ಸಿಗದೇ ದಿನ ಕಳೆದರೂ ಒಂದು ಬಾಗಿಲಿದೆ. 318(4)ರಂಥ ಸೆಕ್ಷನ್‌ಗಳಲ್ಲಿ ಪೊಲೀಸರು ರಿಮ್ಯಾಂಡ್ ಆದ ದಿನದಿಂದ 60 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ಹಾಕದಿದ್ದರೆ ಜಾಮೀನು ಹಕ್ಕಾಗುತ್ತೆ. ಆದರೆ ತಾನಾಗೇ ಸಿಗಲ್ಲ. ಚಾರ್ಜ್‌ಶೀಟ್ ಬರೋ ಮೊದಲೇ ಅರ್ಜಿ ಹಾಕಿರಬೇಕು, ಹಾಗಾಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಸಂಘಟಿತ ಅಪರಾಧದ ಸೆಕ್ಷನ್ 111 ಸೇರಿಸಿದ್ರೆ ಲೆಕ್ಕ ಬದಲಾಗುತ್ತೆ, ಜೀವಾವಧಿವರೆಗೆ ಶಿಕ್ಷೆ ಇರೋದರಿಂದ ಗಡುವು 90 ದಿನ.

ಸೈಬರ್ ಕೇಸುಗಳ ದೊಡ್ಡ ತಲೆನೋವು ಇನ್ನೊಂದು. ಫೋನ್ ಮಾಡಿದ್ದು ಬೆಂಗಳೂರಿಂದ, ದುಡ್ಡು ಕಳ್ಕೊಂಡವರು ಹೈದರಾಬಾದ್, ಪುಣೆ, ಲಕ್ನೋದಲ್ಲಿ. ಒಂದೊಂದು ಊರಲ್ಲಿ ಒಂದೊಂದು ಎಫ್‌ಐಆರ್. ಇಲ್ಲಿ ಜಾಮೀನು ಸಿಕ್ಕ ದಿನವೇ ಬೇರೆ ರಾಜ್ಯದ ಪೊಲೀಸರು ಬಾಡಿ ವಾರಂಟ್ ಹಿಡಿದು ಜೈಲಿನ ಬಾಗಿಲಲ್ಲಿ ನಿಂತಿರಬಹುದು. ಪ್ರತಿ ಕೇಸಿಗೂ ಬೇರೆ ಜಾಮೀನು ಬೇಕು. ಅರೆಸ್ಟ್ ಆಗೋ ಮೊದಲೇ ಗೊತ್ತಾದ್ರೆ, ಹೊರರಾಜ್ಯದ ಎಫ್‌ಐಆರ್‌ಗೂ ಇಲ್ಲಿಯ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟಿನಲ್ಲಿ ಸ್ವಲ್ಪ ದಿನದ ಮಟ್ಟಿಗೆ ನಿರೀಕ್ಷಣಾ ಜಾಮೀನು ಕೇಳಬಹುದು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಒಪ್ಪಿದೆ.

ಇನ್ನು ನಿಜವಾದ ಕಷ್ಟಕ್ಕೆ ಬರೋಣ. ಜಾಮೀನು ಆದೇಶ ಆಯ್ತು, ಎಲ್ಲರೂ ಊರಿಗೆ ಫೋನ್ ಮಾಡಿ ಹೇಳಿದ್ದೂ ಆಯ್ತು. ಹುಡುಗ ಇನ್ನೂ ಪರಪ್ಪನ ಅಗ್ರಹಾರದಲ್ಲೇ ಇದ್ದಾನೆ. ಯಾಕಂದ್ರೆ ಆದೇಶದಲ್ಲಿ ಇಷ್ಟು ಮೊತ್ತದ ಬಾಂಡ್, ಒಬ್ಬರೋ ಇಬ್ಬರೋ ಜಾಮೀನುದಾರರು ಅಂತ ಇರುತ್ತೆ. ಜಾಮೀನು ನಿಲ್ಲೋರು ಪಹಣಿ, ಕಂದಾಯ ರಸೀದಿ, ಆಧಾರ್ ಹಿಡ್ಕೊಂಡು ಕೋರ್ಟಿಗೇ ಬರಬೇಕು. ಹಳ್ಳಿಯಲ್ಲಿ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುತ್ತೆ. ಚಿಕ್ಕಪ್ಪನನ್ನ ಕೇಳಿದ್ರೆ "ಆಸ್ತಿ ಹೋಗುತ್ತೇನೋ" ಅಂತ ಹೆದರ್ತಾರೆ. ಆರೋಪಿ ತಪ್ಪಿಸಿಕೊಂಡರೆ ಬಾಂಡ್ ಮೊತ್ತ ಕಟ್ಟಬೇಕಾಗಬಹುದು ಅನ್ನೋದು ನಿಜ. ಅವನು ದಿನಾಂಕಕ್ಕೆ ಸರಿಯಾಗಿ ಬರ್ತಿದ್ರೆ ಏನೂ ಆಗಲ್ಲ. ಇಂಥ ಹೊತ್ತಲ್ಲೇ ದುಡ್ಡಿಗೆ ಜಾಮೀನು ನಿಲ್ತೀನಿ ಅನ್ನೋರು ಎದುರಾಗ್ತಾರೆ. ದೂರ ಇರಿ. ನಕಲಿ ಪಹಣಿ ಸಿಕ್ಕಿಬಿದ್ದರೆ ವಂಚನೆ ಕೇಸಿನ ಮೇಲೆ ಇನ್ನೊಂದು ವಂಚನೆ ಕೇಸು.

ಜಾಮೀನುದಾರರು ಸಿಗದಿದ್ದರೆ ಷರತ್ತು ಸಡಿಲ ಮಾಡಿ ಅಂತ ಅರ್ಜಿ ಹಾಕಬಹುದು. ತಿಂಗಳೊಳಗೆ ಬಾಂಡ್ ಕೊಡೋಕೆ ಆಗದಿದ್ದರೆ ಕೋರ್ಟೇ ಇದನ್ನ ಪರಿಶೀಲಿಸಬಹುದು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 13 ಎಫ್‌ಐಆರ್ ಇದ್ದ ಒಬ್ಬ ಆರೋಪಿಗೆ ಪ್ರತಿ ಕೇಸಿಗೂ ಬೇರೆ ಬೇರೆ ಜಾಮೀನುದಾರರು ಸಿಗದೇ ಹೋದಾಗ, ಅದೇ ಜನರನ್ನ ಹಲವು ಕೇಸಿಗೆ ಒಪ್ಪಿಕೊಳ್ಳಿ ಅಂತ 2024ರಲ್ಲಿ ಆದೇಶ ಮಾಡಿದೆ. ವಕೀಲರಿಗೆ ಕೊಡೋಕೆ ದುಡ್ಡಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ. ಕಸ್ಟಡಿಯಲ್ಲಿರೋರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತೆ.

ಹೊರಗೆ ಬಂದ ಮೇಲೆ ಪಾಸ್‌ಪೋರ್ಟ್ ಒಪ್ಪಿಸೋದು, ಠಾಣೆಗೆ ಹೋಗಿ ಸಹಿ ಹಾಕೋದು ಇದ್ದೇ ಇರುತ್ತೆ. ನಿಮ್ಮ ಗೂಗಲ್ ಲೊಕೇಶನ್ ಸದಾ ಪೊಲೀಸರಿಗೆ ಕಾಣ್ತಿರಬೇಕು ಅನ್ನೋ ಷರತ್ತು ಹಾಕುವಂತಿಲ್ಲ, ಅದು ಖಾಸಗಿತನಕ್ಕೆ ಧಕ್ಕೆ ಅಂತ 2024ರ ಜುಲೈನಲ್ಲಿ ತೀರ್ಪಾಗಿದೆ. ಒಂದು ದಿನಾಂಕ ತಪ್ಪಿಸಿದ್ರೂ ವಾರಂಟ್ ಬರಬಹುದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿನ ಸಿಎನ್ಆರ್ ನಂಬರ್ ಹಾಕಿಟ್ಟುಕೊಂಡ್ರೆ ಮುಂದಿನ ದಿನಾಂಕ ಅಲ್ಲೇ ಕಾಣುತ್ತೆ.