ಹೊಸ ಕಾರ್ ಸ್ಟೀರಿಯೊ ಹಾಕಿದ ಮೇಲೆ ಸೌಂಡ್ ಬರ್ತಿಲ್ವಾ? ‘ಆಂಪ್ ಸುಟ್ಟಿದೆ’ ಅಂತ ನಂಬುವ ಮುನ್ನ ಇದನ್ನು ಓದಿ

ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಲ್ಲಿರುವ ನಮ್ಮ ಕಾಕಾ ಸೆಕೆಂಡ್ ಹ್ಯಾಂಡ್ ಕಾರು ತಗೊಂಡರು. ಅದರ ಹಳೆಯ ಸ್ಟೀರಿಯೊ ಕೆಟ್ಟಿತ್ತು. ಆನ್‌ಲೈನ್‌ನಲ್ಲಿ ಆಂಡ್ರಾಯ್ಡ್ ಸ್ಟೀರಿಯೊ ತರಿಸಿ ಒಂದು ಅಂಗಡಿಯಲ್ಲಿ ಕೂಡಿಸಿದರು. ಸ್ಕ್ರೀನ್ ಹತ್ತಿತು, ಮ್ಯಾಪ್ ಬಂತು, ಆದರೆ ಹಾಡು ಮಾತ್ರ ಕೇಳಿಸಲಿಲ್ಲ. ಕಂಪನಿಯ ಆಂಪ್ ಸುಟ್ಟಿದೆ, ಆಂಪ್ ಮತ್ತು ಸ್ಪೀಕರ್ ಎಲ್ಲ ಬದಲಿಸಬೇಕು ಎಂಬ ಉತ್ತರ ಬಂತು. ಅದೇ ಹೊತ್ತಿಗೆ ಮನೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇನ್ನೊಂದು ಸಲಹೆ: ದೊಡ್ಡ ಫ್ಯೂಸ್ ಹಾಕಿದರೆ ಪವರ್ ಹೆಚ್ಚಾಗಿ ಸೌಂಡ್ ಬರುತ್ತದೆ.

‘ತಮ್ಮಾ, ಮೂವತ್ತರ ಫ್ಯೂಸ್ ಹಾಕಿದ್ರ ಸರಿ ಆಗ್ತೈತಂತಲ್ಲ, ಹಾಕಿಬಿಡ್ಲೇನು?’ ಎಂದು ಕಾಕಾ ಫೋನ್ ಮಾಡಿದರು. ‘ಬ್ಯಾಡ್ರಿ ಕಾಕಾ, ನಾ ಬರೂತನಾ ಏನೂ ಮುಟ್ಟಬ್ಯಾಡ್ರಿ’ ಎಂದೆ.

ಕೊನೆಗೆ ನೋಡಿದರೆ ಆಂಪ್ ಸುಟ್ಟಿರಲಿಲ್ಲ. ಒಂದೇ ಒಂದು ವೈರ್ ಜೋಡಿಸಿರಲಿಲ್ಲ!

ಕಂಪನಿ ಆಂಪ್ ಅಂದರೇನು?

ಸಾಮಾನ್ಯ ಕಾರುಗಳಲ್ಲಿ ಸ್ಟೀರಿಯೊದಿಂದ ವೈರ್ ನೇರವಾಗಿ ಸ್ಪೀಕರ್‌ಗೆ ಹೋಗುತ್ತದೆ. ಧ್ವನಿಯನ್ನು ಹಿಗ್ಗಿಸುವ ಸಣ್ಣ ಆಂಪ್ಲಿಫೈಯರ್ ಸ್ಟೀರಿಯೊದ ಒಳಗೇ ಇರುತ್ತದೆ. ಕೆಲವು ಕಾರುಗಳಲ್ಲಿ ಮಾತ್ರ ಸೀಟಿನ ಕೆಳಗೋ ಡಿಕ್ಕಿಯಲ್ಲೋ ಬೇರೆ ಆಂಪ್ ಇರುತ್ತದೆ. ಅಲ್ಲಿ ಸ್ಟೀರಿಯೊ ಕಳಿಸುವುದು ಸಣ್ಣ ಸಿಗ್ನಲ್ ಮಾತ್ರ, ದುಡಿಯುವುದು ಆಂಪ್. ಬೋಸ್, ಜೆಬಿಎಲ್, ಸೋನಿ ಮುಂತಾದ ಬ್ಯಾಡ್ಜ್ ಸ್ಪೀಕರ್ ಮೇಲೆ ಇದ್ದರೆ ನಿಮ್ಮ ಕಾರಿನಲ್ಲೂ ಇಂಥ ಆಂಪ್ ಇರುವ ಸಾಧ್ಯತೆ ಹೆಚ್ಚು.

ಮಲ್ಟಿಮೀಟರ್ ಇದ್ದರೆ ಪರೀಕ್ಷೆ ಸುಲಭ. ಹಳೆಯ ಸ್ಟೀರಿಯೊದ ಕಪ್ಲರ್ ಬಿಚ್ಚಿ, ಕಾರಿನ ಕಡೆಯ ಒಂದು ಸ್ಪೀಕರ್ ಜೋಡಿ ವೈರ್‌ಗಳ ನಡುವಿನ ಓಮ್ ಅಳೆಯಿರಿ. 3–4 ಓಮ್ ಆಸುಪಾಸು ಬಂದರೆ ನೇರ ಸ್ಪೀಕರ್. ಸಾವಿರಾರು ಓಮ್ ತೋರಿಸಿದರೆ ನಡುವೆ ಆಂಪ್ ಇದೆ.

ತಪ್ಪು ಕಲ್ಪನೆ 1: ಸೌಂಡ್ ಬರದಿದ್ದರೆ ಆಂಪ್ ಸುಟ್ಟಿದೆ

ಬಹಳಷ್ಟು ಸಲ ಆಂಪ್ ಸುಟ್ಟಿರುವುದಿಲ್ಲ, ಮಲಗಿರುತ್ತದೆ. ಬ್ಯಾಟರಿ ಖಾಲಿಯಾಗಬಾರದು ಎಂದು ಆಂಪ್ ಯಾವಾಗಲೂ ಆನ್ ಇರುವುದಿಲ್ಲ. ಅನೇಕ ಕಾರುಗಳಲ್ಲಿ ಸ್ಟೀರಿಯೊ ಒಂದು ವೈರ್ ಮೂಲಕ 12 ವೋಲ್ಟ್ ಕಳಿಸಿ ಅದನ್ನು ಎಬ್ಬಿಸಬೇಕು. ಹೊರಗಿನಿಂದ ಕೊಳ್ಳುವ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ವೈರ್ ಬ್ಯಾಟರಿಗೆ, ಕೆಂಪು ಕೀ ಆನ್ ಸಪ್ಲೈಗೆ, ಕಪ್ಪು ಅರ್ಥ್‌ಗೆ. ನೀಲಿ ಮೇಲೆ ಬಿಳಿ ಗೆರೆಯಿರುವುದೇ ಆಂಪ್ ಎಬ್ಬಿಸುವ ವೈರ್. ಕಾಕಾನ ಕಾರಿನಲ್ಲಿ ಇದಕ್ಕೆ ಟೇಪ್ ಸುತ್ತಿ ಹಿಂದೆ ತುರುಕಿದ್ದರು. ಜೋಡಿಸಿದ ತಕ್ಷಣ ಹಾಡು ಬಂತು.

ಆದರೆ ಕೆಲವು ಹೊಸ ಕಾರುಗಳಲ್ಲಿ ಈ ಸೂಚನೆಯೂ ಧ್ವನಿಯೂ ಡಿಜಿಟಲ್ ಸಂದೇಶವಾಗಿ ಹೋಗುತ್ತವೆ. ಅಲ್ಲಿ ವೈರ್ ಜೋಡಿಸಿದರೆ ಸಾಲದು, ಆ ಮಾಡೆಲ್‌ಗೇ ಬರುವ ಅಡಾಪ್ಟರ್ ಬೇಕು.

ತಪ್ಪು ಕಲ್ಪನೆ 2: ಸೌಂಡ್ ಒಡೆದರೆ ಸ್ಪೀಕರ್ ಹಾಳಾಗಿದೆ

ಕಾಕಾನ ಕಾರಿನಲ್ಲಿ ಹಾಡು ಬಂತು ನಿಜ, ಆದರೆ ವಾಲ್ಯೂಮ್ ಸ್ವಲ್ಪ ಏರಿಸಿದರೆ ಒಡೆದು ಬರುತ್ತಿತ್ತು. ಹೊಸ ಸ್ಟೀರಿಯೊದ ಸ್ಪೀಕರ್ ವೈರ್‌ಗಳಲ್ಲಿ ಜೋರು ಧ್ವನಿಗೆ ಸುಮಾರು 10 ವೋಲ್ಟ್‌ವರೆಗೆ ಸಿಗ್ನಲ್ ಬರುತ್ತದೆ. ಆ ಕಾರಿನ ಆಂಪ್ ಬಯಸುವುದು ಕೆಲವೇ ವೋಲ್ಟ್. ಒಮ್ಮೆ ಹಿಗ್ಗಿಸಿದ್ದನ್ನೇ ಮತ್ತೆ ಹಿಗ್ಗಿಸಿದರೆ ಧ್ವನಿ ಒಡೆಯುತ್ತದೆ, ಹೀಗೇ ಬಹಳ ದಿನ ಬಳಸಿದರೆ ಆಂಪ್ ನಿಜವಾಗಿಯೂ ಹಾಳಾಗಬಹುದು. ಪರಿಹಾರ: ಸ್ಟೀರಿಯೊ ಹಿಂದಿನ ಆರ್‌ಸಿಎ ಪಿನ್‌ಗಳಿಂದ ಸಿಗ್ನಲ್ ಕೊಡುವುದು, ಅಥವಾ ಸಿಗ್ನಲ್ ಇಳಿಸುವ ಅಡಾಪ್ಟರ್ ಹಾಕುವುದು. ನಾವು ಆರ್‌ಸಿಎ ಅಡಾಪ್ಟರ್ ಹಾಕಿಸಿದೆವು, ಧ್ವನಿ ಸರಿಹೋಯಿತು.

ಎಕ್ಸಿಲರೇಟರ್ ಒತ್ತಿದಂತೆ ‘ಕುಂಯ್’ ಎಂದು ಏರುವ ಸದ್ದು ಬಂದರೆ ಅದೂ ಸ್ಪೀಕರ್ ದೋಷವಲ್ಲ. ಹೆಚ್ಚಾಗಿ ಅರ್ಥಿಂಗ್ ಸರಿಯಿಲ್ಲದೆ ಆಲ್ಟರ್ನೇಟರ್ ಸದ್ದು ಸಿಗ್ನಲ್‌ಗೆ ಸೇರಿರುತ್ತದೆ.

ತಪ್ಪು ಕಲ್ಪನೆ 3: 50x4 ಅಂದರೆ 200 ವ್ಯಾಟ್, ಕಂಪನಿ ಆಂಪ್ ಯಾಕೆ ಬೇಕು?

ಇಲ್ಲಿ ಶಾಲೆಯ ಲೆಕ್ಕ ಸಾಕು. ಎಂಜಿನ್ ಓಡುವಾಗ ಕಾರಿನಲ್ಲಿ ಸುಮಾರು 14.4 ವೋಲ್ಟ್ ಇರುತ್ತದೆ. 14.4ರ ವರ್ಗವನ್ನು 4 ಓಮ್‌ನಿಂದ ಭಾಗಿಸಿದರೆ ಸುಮಾರು 52. ಡಬ್ಬಿಯ ಮೇಲಿನ 50 ವ್ಯಾಟ್ ಹುಟ್ಟುವುದು ಹೀಗೆ. ಆದರೆ ಇದು ಸಿಗ್ನಲ್ ಪೂರ್ತಿ ಒಡೆದು ಚೌಕಾಕಾರವಾದಾಗಿನ ಲೆಕ್ಕ. ಶುದ್ಧ ಧ್ವನಿಗೆ ಅದರ ಅರ್ಧ, ಅಂದರೆ 26 ವ್ಯಾಟ್ ಗರಿಷ್ಠ ಮಿತಿ. ನಷ್ಟ ಕಳೆದರೆ ಒಂದು ಚಾನೆಲ್‌ಗೆ 20 ವ್ಯಾಟ್ ಆಸುಪಾಸು.

ಇನ್ನೊಂದು ಸಾಕ್ಷಿ ಸ್ಟೀರಿಯೊ ಹಿಂದಿನ ಫ್ಯೂಸ್. 10 ಆಂಪಿಯರ್ ಫ್ಯೂಸ್ ಇದ್ದರೆ ಒಳಗೆ ಹೋಗುವುದೇ 144 ವ್ಯಾಟ್. ಅದರಿಂದ ಸತತವಾಗಿ 200 ವ್ಯಾಟ್ ಹೊರಬರುವುದು ಹೇಗೆ ಸಾಧ್ಯ?

ಆಂಪ್ ತೆಗೆದು ನೇರವಾಗಿ ಸ್ಪೀಕರ್‌ಗೆ ಜೋಡಿಸುವ ಮುನ್ನ ಸ್ಪೀಕರ್‌ನ ಓಮ್ ನೋಡಿ. ಆಂಪ್ ಇರುವ ಕೆಲವು ಕಾರುಗಳಲ್ಲಿ 2 ಓಮ್ ಅಥವಾ ಅದಕ್ಕಿಂತ ಕಡಿಮೆಯ ಸ್ಪೀಕರ್ ಇರುತ್ತವೆ. 4 ಓಮ್‌ಗೆ ಮಾಡಿದ ಸ್ಟೀರಿಯೊಗೆ 2 ಓಮ್ ಸ್ಪೀಕರ್ ಹಾಕಿದರೆ ಕರೆಂಟ್ ಸುಮಾರು ಎರಡು ಪಟ್ಟಾಗುತ್ತದೆ, ಸ್ಟೀರಿಯೊ ಕಾದು ಕೈಕೊಡುತ್ತದೆ. ಹಾಗೆಯೇ ಸ್ಪೀಕರ್‌ನ ಮೈನಸ್ ವೈರನ್ನು ಕಾರಿನ ಬಾಡಿಗೆ ಅರ್ಥ್ ಮಾಡಬೇಡಿ. ಈಗಿನ ಸ್ಟೀರಿಯೊಗಳಲ್ಲಿ ಆ ವೈರ್‌ನಲ್ಲೂ ವೋಲ್ಟೇಜ್ ಇರುತ್ತದೆ.

ತಪ್ಪು ಕಲ್ಪನೆ 4: ದೊಡ್ಡ ಫ್ಯೂಸ್ ಹಾಕಿದರೆ ಸೌಂಡ್ ಹೆಚ್ಚುತ್ತದೆ

ಇದು ನಿಜಕ್ಕೂ ಅಪಾಯಕಾರಿ. ಫ್ಯೂಸ್ ಪವರ್ ಕೊಡುವುದಿಲ್ಲ, ವೈರನ್ನು ಕಾಯುತ್ತದೆ. ಎಲ್ಲೋ ವೈರ್ ತಾಗಿ ಶಾರ್ಟ್ ಆದರೆ 10 ಆಂಪಿಯರ್ ಫ್ಯೂಸ್ ತಾನು ಸುಟ್ಟು ವೈರ್ ಉಳಿಸುತ್ತದೆ. ಅಲ್ಲಿ 30 ಹಾಕಿದರೆ ಫ್ಯೂಸ್ ಉಳಿದು ತೆಳ್ಳನೆಯ ವೈರ್ ಕಾಯುತ್ತದೆ. ಆ ವೈರ್ ಇರುವುದು ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಹಿಂದೆ, ನಿಮ್ಮ ಮೊಣಕಾಲಿನ ಮುಂದೆ. ಫ್ಯೂಸ್ ಪದೇ ಪದೇ ಹೋದರೆ ಹುಡುಕಬೇಕಾದದ್ದು ಶಾರ್ಟ್, ದೊಡ್ಡ ಫ್ಯೂಸ್ ಅಲ್ಲ.

ಅಂಗಡಿಗೆ ಹೋಗುವ ಮುನ್ನ

- ಕಾರಿನ ಮಾಡೆಲ್, ವರ್ಷ, ವೇರಿಯಂಟ್ ಹೇಳಿ. ಕಂಪನಿ ಆಂಪ್ ಇದೆಯೇ ಎಂದು ಮೊದಲೇ ಕೇಳಿ.
- ಮೂಲ ವೈರ್ ಕತ್ತರಿಸಲು ಬಿಡಬೇಡಿ. ಕಾರಿಗೆ ಹೊಂದುವ ಕಪ್ಲರ್ ಹಾಕಿಸಿ. ವಾರಂಟಿ ಬಾಕಿ ಇದ್ದರೆ ವಾರಂಟಿ ಪುಸ್ತಕದ ಷರತ್ತುಗಳನ್ನು ಓದಿ.
- ಕೆಲಸ ಶುರು ಮಾಡುವ ಮುನ್ನ ಬ್ಯಾಟರಿಯ ಮೈನಸ್ ತೆಗೆಸಿ.
- ಸ್ಟೀರಿಂಗ್ ಬಟನ್, ರಿವರ್ಸ್ ಕ್ಯಾಮೆರಾ ಕೆಲಸ ಮಾಡುತ್ತಿವೆಯೇ ನೋಡಿಯೇ ಹಣ ಕೊಡಿ.
- ಹೊಸ ಸ್ಟೀರಿಯೊ ಬಗ್ಗೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಾನಿಕ್ ಸಾಮಾನನ್ನು ಪಾಲಿಸಿಗೆ ಬೇರೆಯಾಗಿ ಸೇರಿಸಬೇಕಾಗುತ್ತದೆ.

ಕಾಕಾನಿಗೆ ಕೊನೆಗೆ ಆದ ಖರ್ಚು ಒಂದು ಅಡಾಪ್ಟರ್‌ನದು ಮಾತ್ರ. ಆಂಪ್, ಸ್ಪೀಕರ್ ಎರಡೂ ಹಳೆಯವೇ. ಫ್ಯೂಸ್ ಕೂಡ ಹತ್ತರದ್ದೇ ಇದೆ. ನಿಮ್ಮ ಗ್ರೂಪಿಗೂ ದೊಡ್ಡ ಫ್ಯೂಸಿನ ಸಲಹೆ ಬಂದರೆ ಅದನ್ನು ಮುಂದೆ ಕಳಿಸಬೇಡಿ, ಕಳಿಸಿದವರಿಗೆ ಇದನ್ನು ಕಳಿಸಿ.