ಚಟದ ಸಂಕಟವೋ, ಮನಸ್ಸಿನ ಖಿನ್ನತೆಯೋ?

ಗಸಗಸೆ ಪಾಯಸ ಮಾಡದ ಮನೆ ನಮ್ಮ ಕಡೆ ಕಡಿಮೆ. ಆ ಬೀಜದಿಂದ ಭಯವಿಲ್ಲ. ಆದರೆ ಅದೇ ಗಿಡದ ಹಸಿ ಕಾಯಿಯ ಹಾಲೇ ಅಫೀಮು. ಮಾರ್ಫಿನ್, ಹೆರಾಯಿನ್ ಅದರಿಂದಲೇ ಬಂದವು. ಟ್ರಮಡಾಲ್, ಟಪೆಂಟಡಾಲ್ ಎಂಬ ನೋವಿನ ಮಾತ್ರೆಗಳು ಕಾರ್ಖಾನೆಯಲ್ಲಿ ತಯಾರಾದರೂ ಅದೇ ಜಾತಿಯವು. ಅಳತೆ ಮೀರಿದರೆ ಚಟವಾಗುತ್ತವೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 2 ಕೋಟಿ 26 ಲಕ್ಷ ಜನ ಇಂಥವನ್ನು ಬಳಸುತ್ತಿದ್ದರು.

ಚಟ ಹತ್ತಿದ ಮಗನನ್ನೋ ಗಂಡನನ್ನೋ ಚಿಕಿತ್ಸೆಗೆ ಸೇರಿಸಿದಿರಿ ಎನ್ನಿ. ಅವನಿಗೆ ನಿದ್ದೆಯಿಲ್ಲ, ಊಟ ಸೇರದು, ಮಾತು ಬೇಡ. "ಬಿಟ್ಟಿದ್ದಕ್ಕೆ ಹಂಗಾಗ್ತದೆ, ಸರಿಹೋಗ್ತಾನೆ ಬಿಡಿ" ಅಂತಾರೆ ನೆಂಟರು. ಇರಬಹುದು. ಆದರೆ ಖಿನ್ನತೆಯ ಲಕ್ಷಣಗಳೂ ಇವೇ ಅಲ್ಲವೇ?

ಹಾಗಾದರೆ ಗುರುತಿಸುವುದು ಹೇಗೆ? ಮೂಗು ಸೋರುವುದು, ಪದೇ ಪದೇ ಆಕಳಿಕೆ, ಮೈಕೈ ನೋವು, ಭೇದಿ - ಇವು ಚಟ ಬಿಟ್ಟಾಗಿನ ಸಂಕಟ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತವೆ. ಯಾವುದರಲ್ಲೂ ಸಂತೋಷವಿಲ್ಲ, "ನಾನು ಯಾತಕ್ಕೂ ಬಾರದವನು" ಎಂಬ ಕೊರಗು - ಇವು ಖಿನ್ನತೆಯ ಕಡೆ ಬೆರಳು ತೋರಿಸುತ್ತವೆ. ಇದಕ್ಕಾಗಿ ವೈದ್ಯರ ಬಳಿ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿಯಿದೆ. ಹಿಂದಿನ ಎರಡು ವಾರ ಹೇಗಿತ್ತೆಂದು ಕೇಳಿ, 27ಕ್ಕೆ ಅಂಕ ಕೊಡುತ್ತಾರೆ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೂ ಕೂಲಂಕಷವಾಗಿ ನೋಡಬೇಕೆಂದು ಅರ್ಥ, ಖಿನ್ನತೆಯೇ ಎಂದಲ್ಲ.

ಒಂದೇ ಸಲ ಕೇಳಿದರೆ ಸಾಲದು. ನಮ್ಮ ಬಸ್ತಿಹಳ್ಳಿಯ ಬಸದಿಯ ನುಣುಪು ಕಂಬಗಳಲ್ಲಿ ನಿಂತ ಜಾಗ ಬದಲಾದರೆ ಬಿಂಬವೂ ಬದಲಾಗುತ್ತದಲ್ಲ, ಹಾಗೆಯೇ ಇದೂ. ಸೇರಿಸಿದ ದಿನ ಕಂಡ ಮಂಕು ಅನೇಕರಲ್ಲಿ ಕೆಲವು ವಾರದ ಚಿಕಿತ್ಸೆಯಲ್ಲಿ ತಾನೇ ಕಡಿಮೆಯಾಗುತ್ತದೆ. ಉಳಿದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಆದ್ದರಿಂದ ಎರಡು-ನಾಲ್ಕು ವಾರದ ಮೇಲೆ "ಮತ್ತೊಮ್ಮೆ ನೋಡಿ ಡಾಕ್ಟ್ರೇ" ಎಂದು ನೀವೇ ಕೇಳಿ.

ಸೋದರಿಯರೇ, ವೈದ್ಯರಿಗೆ ತಿಳಿಯದ ಒಂದು ಸಂಗತಿ ನಿಮಗೆ ಗೊತ್ತು: ಮೊದಲು ಬಂದದ್ದು ಬೇಸರವೋ, ಮಾತ್ರೆಯೋ? ಚಟಕ್ಕೆ ಮುಂಚೆಯೂ ಹೀಗೆ ಮಂಕಾಗಿದ್ದನೇ? ಮನೆತನದಲ್ಲಿ ಯಾರಿಗಾದರೂ ಖಿನ್ನತೆ ಇತ್ತೇ? ಮುಚ್ಚಿಡದೆ ಹೇಳಿ.

ಒಂದು ಮಾತಿಗೆ ಮಾತ್ರ ವಾರಗಟ್ಟಲೆ ಕಾಯಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೊದಲ ದಿನವೇ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹತ್ತೀತು ಎಂಬ ಭಯ ಬೇಡ. ಇನ್ನೊಂದು ಎಚ್ಚರಿಕೆ: ಕೆಲ ದಿನ ಬಿಟ್ಟ ಮೇಲೆ ದೇಹಕ್ಕೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಬೇಸರಕ್ಕೆ ಮತ್ತೆ ಅಷ್ಟನ್ನೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸಲೆಂದೇ ವಿಭಾಗವಿದೆ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನಸ್ಸಿನ ಕಷ್ಟಕ್ಕೆ 2022ರಿಂದ ಟೆಲಿ ಮಾನಸ್ 14416 ಇದೆ. ಫೋನಿಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಊರವರು ಏನಂದಾರು ಎಂದು ಯೋಚಿಸುತ್ತಾ ದಿನ ಕಳೆಯಬೇಡಿ.