ಕಿವಿ ಕೇಳದ ನಟ ಬಾಲಕೃಷ್ಣ



ಸಿನಿಮಾ ಅಂದರೆ ನಾವೆಲ್ಲ ಹೀರೋ ಹೆಸರು ಮಾತ್ರ ಹೇಳುತ್ತೇವೆ. ಆದರೆ ಒಂದು ಸಿನಿಮಾದಲ್ಲಿ ಅಪ್ಪ, ಮಾವ, ಶಾನುಭೋಗ, ಜಿಪುಣ, ಕಿತಾಪತಿ ಮಾಡುವವನು ಇವರೆಲ್ಲ ಇರಲೇಬೇಕು. ಅವರಿಲ್ಲದಿದ್ದರೆ ಕಥೆಯೇ ನಡೆಯೋದಿಲ್ಲ. ಇಂಥ ಪಾತ್ರ ಮಾಡುವವರನ್ನು ಪೋಷಕ ನಟರು ಎನ್ನುತ್ತಾರೆ. ಕನ್ನಡದ ದೊಡ್ಡ ಪೋಷಕ ನಟರಲ್ಲಿ ಒಬ್ಬರಾದ ಟಿ.ಎನ್. ಬಾಲಕೃಷ್ಣ ಅವರ ಬಗ್ಗೆ ಈ ಲೇಖನ. ಎಲ್ಲರೂ ಅವರನ್ನು ಬಾಲಣ್ಣ ಎಂದು ಕರೆಯುತ್ತಿದ್ದರು.

ಬಾಲಣ್ಣನವರು ನೂರು ವರ್ಷಕ್ಕೂ ಹಿಂದೆ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಹುಟ್ಟಿದರು. ಮನೆಯಲ್ಲಿ ತುಂಬಾ ಬಡತನ. ಚಿಕ್ಕವರಿದ್ದಾಗಲೇ ಅವರಿಗೆ ಕಿವಿ ಕೇಳದ ಹಾಗಾಯಿತು. ಆದರೂ ನಾಟಕದ ಹುಚ್ಚು ಬಿಡಲಿಲ್ಲ. ನಾಟಕ ಕಂಪನಿಗಳಿಗೆ ಸೇರಿ ಪಾತ್ರ ಮಾಡಿದರು. 1943ರಲ್ಲಿ ‘ರಾಧಾರಮಣ’ ಸಿನಿಮಾದಿಂದ ಚಿತ್ರರಂಗಕ್ಕೆ ಬಂದರು. 1995ರಲ್ಲಿ ತೀರಿಕೊಳ್ಳುವ ಹೊತ್ತಿಗೆ 500ಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದ್ದರು.

ಕಿವಿ ಕೇಳದವರು ನಾಟಕ ಮಾಡೋದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ. ನಾಟಕದಲ್ಲಿ ಮಾತು ಮರೆತರೆ ಪರದೆ ಪಕ್ಕದಿಂದ ಒಬ್ಬರು ಮೆಲ್ಲಗೆ ಹೇಳಿಕೊಡುತ್ತಾರೆ. ಕಿವಿ ಕೇಳದವರಿಗೆ ಆ ಸಹಾಯ ಸಿಗೋದಿಲ್ಲ. ಹಾರ್ಮೋನಿಯಂ ಶ್ರುತಿಯೂ ಸರಿಯಾಗಿ ತಿಳಿಯೋದಿಲ್ಲ. ಎದುರಿಗಿನವರ ಮಾತು ಯಾವಾಗ ಮುಗಿಯಿತು ಅಂತ ಗೊತ್ತಾಗದಿದ್ದರೆ ತಮ್ಮ ಮಾತು ಯಾವಾಗ ಶುರು ಮಾಡಬೇಕು? ಬಾಲಣ್ಣನವರು ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ನೋಡುವವರಿಗೆ ಇವರಿಗೆ ಕಿವಿ ಕೇಳಲ್ಲ ಎಂಬುದೇ ಗೊತ್ತಾಗುತ್ತಿರಲಿಲ್ಲ.

ತುಟಿ ನೋಡಿ ಮಾತು ತಿಳಿಯೋದು ಸುಲಭ ಅಲ್ಲ. ಬೇಕಾದರೆ ಒಂದು ಪರೀಕ್ಷೆ ಮಾಡಿ. ಕನ್ನಡಿ ಮುಂದೆ ನಿಂತು, ಸದ್ದು ಮಾಡದೆ, ಪಾಪ, ಬಾಬಾ, ಮಾಮ ಎಂದು ಹೇಳಿ. ಮೂರೂ ಒಂದೇ ಥರ ಕಾಣುತ್ತವೆ! ಏಕೆಂದರೆ ಪ, ಬ, ಮ ಮೂರಕ್ಕೂ ತುಟಿ ಮುಚ್ಚಬೇಕು. ವ್ಯಾಕರಣ ಪಾಠದಲ್ಲಿ ಇವನ್ನು ಓಷ್ಠ್ಯ ಎಂದು ಓದಿದ್ದೇವೆ. ಕ, ಗ ಅಕ್ಷರಗಳು ಗಂಟಲ ಹತ್ತಿರ ಹುಟ್ಟುವುದರಿಂದ ತುಟಿಯಲ್ಲಿ ಕಾಣೋದೇ ಇಲ್ಲ. ಆದ್ದರಿಂದ ತುಟಿ ಓದುವವರು ಅರ್ಧ ಕಣ್ಣಿನಿಂದ, ಇನ್ನರ್ಧ ಬುದ್ಧಿಯಿಂದ ತಿಳಿಯಬೇಕು. ಯಾವ ವಿಷಯ ನಡೀತಿದೆ ಅಂತ ಮೊದಲೇ ಗೊತ್ತಿದ್ದರೆ ಸುಲಭ. ಹೇಳುವವರು ಮುಖ ತಿರುಗಿಸಿದರೆ ಎಲ್ಲಾ ಹೋಯಿತು.

ಬಾಲಣ್ಣನವರು ನಗಿಸುವ ಪಾತ್ರವನ್ನೂ ಮಾಡುತ್ತಿದ್ದರು, ನೋಡಿದವರು ಬೈಯುವಂಥ ಕೆಟ್ಟವನ ಪಾತ್ರವನ್ನೂ ಮಾಡುತ್ತಿದ್ದರು. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನ ಪಾತ್ರ ಅವರದೇ. ರಾಜಕುಮಾರ್ ಅವರ ರಾಜೀವನಿಗೆ ಬೆಂಬಲವಾಗಿ ನಿಲ್ಲುವ ಹಳ್ಳಿಯ ಹಿರಿಯ ಅವನು.

ಕನ್ನಡ ಚಿತ್ರರಂಗಕ್ಕೆ ಕಷ್ಟ ಬಂದಾಗ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಇವರ ಜೊತೆ ಸೇರಿ ಕಲಾವಿದರ ಸಂಘ ಕಟ್ಟಿದರು. ಊರೂರಿಗೆ ಹೋಗಿ ನಾಟಕ ಆಡಿದರು. 1960ರಲ್ಲಿ ಇವರೇ ಸೇರಿ ‘ರಣಧೀರ ಕಂಠೀರವ’ ಸಿನಿಮಾ ತೆಗೆದರು. ಆಗ ಕನ್ನಡ ಸಿನಿಮಾ ಮಾಡೋಕೆ ಹೆಚ್ಚಾಗಿ ಮದ್ರಾಸಿಗೆ ಹೋಗಬೇಕಿತ್ತು. ಆದ್ದರಿಂದ ಬಾಲಣ್ಣನವರು ಬೆಂಗಳೂರಿನ ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೋ ಕಟ್ಟಿಸಿದರು. ಅದಕ್ಕಾಗಿ ತುಂಬಾ ಕಷ್ಟಪಟ್ಟರು, ಸಾಲವನ್ನೂ ಮಾಡಿದರು.

ಇಷ್ಟೆಲ್ಲಾ ನಾನು ಯಾಕೆ ಬರೆದೆ ಎಂದರೆ, ನಮ್ಮಪ್ಪನಿಗೂ ಈಗ ಕಿವಿ ಸರಿಯಾಗಿ ಕೇಳಲ್ಲ. ಅವರು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ 17 ವರ್ಷದಿಂದ ಪ್ರೆಸ್ ಮಿಷನ್ ಮೇಲೆ ಕೆಲಸ ಮಾಡುತ್ತಾರೆ. ತಗಡಿನ ಮೇಲೆ ಮಿಷನ್ ದಿನವಿಡೀ ಧಡ್ ಧಡ್ ಅಂತ ಬೀಳುತ್ತಿರುತ್ತೆ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಭಾಗ ಒಂದಿದೆ. ಅದರಲ್ಲಿ ಕೂದಲಿನಂಥ ಎಳೆ ಇರುವ ಸಾವಿರಾರು ಸಣ್ಣ ಜೀವಕೋಶಗಳಿವೆ. ವರ್ಷಗಟ್ಟಲೆ ಜೋರು ಸದ್ದು ಬಿದ್ದರೆ ಅವು ಸಾಯುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಲದು, ಸರಿಯಾದ ಇಯರ್ ಪ್ಲಗ್ ಅಥವಾ ಕಿವಿ ಮುಚ್ಚುವ ಮಫ್ ಬೇಕು. ನಮ್ಮೂರಿಂದ ಪೀಣ್ಯಕ್ಕೆ ಹೋಗುವ ಅಣ್ಣಂದಿರು ಇದನ್ನು ಓದಬೇಕು.

ಹೀಗಾದವರಿಗೆ ಮೊದಲು ಸಣ್ಣ ಧ್ವನಿ ಕೇಳುವುದು ನಿಲ್ಲುತ್ತದೆ. ನನ್ನ ತಂಗಿ ಕರೆದರೆ ಅಪ್ಪನಿಗೆ ಕೇಳಲ್ಲ, ಲಾರಿ ಬಂದರೆ ಕೇಳುತ್ತೆ. ಅದಕ್ಕೇ ಕೆಲವರು, ಬೇಕು ಅಂತಲೇ ಕೇಳಿಸದ ಹಾಗೆ ಇರ್ತಾನೆ ಅಂತಾರೆ. ಅದು ತಪ್ಪು. ಅಪ್ಪ ಸುಳ್ಳು ಹೇಳುವವರಲ್ಲ.

ಹೋದ ಸಲ ಪೋಷಕರ ಸಭೆಗೆ ಅಪ್ಪ ಬಂದಿದ್ದರು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಒಂದು ಪ್ರಶ್ನೆ ಕೇಳಿದರು. ಅಪ್ಪ ಬೇರೆ ಏನೋ ಉತ್ತರ ಹೇಳಿದರು. ಎಲ್ಲರೂ ನಕ್ಕರು. ನಾನೂ ತಲೆ ತಗ್ಗಿಸಿಕೊಂಡು ಸುಮ್ಮನೆ ಕೂತೆ. ಅಪ್ಪನ ಕಡೆ ನೋಡಲೇ ಇಲ್ಲ. ಆಮೇಲೆ ಅಪ್ಪ, ಇನ್ನು ಮೇಲೆ ನಾನು ಸಭೆಗೆ ಬರಲ್ಲ, ನಿಮ್ಮಮ್ಮನ್ನ ಕರ್ಕೊಂಡು ಹೋಗು ಅಂದರು.

ಆದ್ದರಿಂದ ಎಲ್ಲರಲ್ಲೂ ಒಂದು ವಿನಂತಿ. ಕಿವಿ ಕೇಳದವರ ಹಿಂದೆ ನಿಂತು ಕಿರುಚಬೇಡಿ. ಎದುರಿಗೆ ಬನ್ನಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಕೈ ಬಾಯಿಗೆ ಅಡ್ಡ ಇಡಬೇಡಿ. ನಿಧಾನವಾಗಿ, ಬಿಡಿಸಿ ಹೇಳಿ. ಯಾವ ವಿಷಯ ಅಂತ ಮೊದಲು ಹೇಳಿ, ಆಮೇಲೆ ಪ್ರಶ್ನೆ ಕೇಳಿ. ಒಂದು ಸಲ ತಿಳಿಯದಿದ್ದರೆ ಬೇರೆ ಮಾತಿನಲ್ಲಿ ಹೇಳಿ. ಕಿವುಡ ಅಂತ ಅಡ್ಡಹೆಸರು ಇಡಬೇಡಿ.

ಮುಂದಿನ ಸಭೆಗೆ ಅಪ್ಪ ಬರಲು ಒಪ್ಪಿದ್ದಾರೆ. ಬಾಲಣ್ಣನ ವಿಷಯ ಹೇಳಿದ ಮೇಲೆ ಒಪ್ಪಿದರು. ಅವರನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತೇನೆ, ನಾನೂ ಪಕ್ಕದಲ್ಲೇ ಕೂರುತ್ತೇನೆ. ಮೇಷ್ಟ್ರು ದಯವಿಟ್ಟು ಈ ಕಡೆ ತಿರುಗಿ ಮಾತಾಡಬೇಕು.

– 7ನೇ ತರಗತಿ ವಿದ್ಯಾರ್ಥಿ